ಬಿಸಿಲೂ ಉಪಗ್ರಹವನ್ನು ತಳ್ಳುತ್ತದೆ

ಜಮೀನು ಅಳೆಯುವುದು ನನ್ನ ಕಸುಬು. ಹಳಿಯಾಳದ ಬಯಲಿನಲ್ಲಾದರೆ ಉಪಗ್ರಹ ಸಂಕೇತಗಳನ್ನು ಸದಾ ದಾಖಲಿಸುವ ಸರ್ವೆ ಆಫ್ ಇಂಡಿಯಾದ ಕೋರ್ಸ್ (CORS) ಕೇಂದ್ರಗಳ ತಿದ್ದುಪಡಿ ಮೊಬೈಲ್ ಮೂಲಕವೇ ಬರುತ್ತದೆ. ರೋವರ್ ಎಂಬ ಕೈರಿಸೀವರನ್ನು ನೆಟ್ಟ ಸ್ವಲ್ಪ ಹೊತ್ತಿಗೆ ಸೆಂಟಿಮೀಟರ್ ಲೆಕ್ಕದ ರೀಡಿಂಗ್ ಸಿಗುತ್ತದೆ. ಜೋಯಿಡಾದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಎಲ್ಲಿದೆ? ಅಲ್ಲಿ ಮರದ ಮರೆಯಿಲ್ಲದ ಗದ್ದೆ ಹುಡುಕಿ, ರಿಸೀವರನ್ನು ಗಂಟೆಗಟ್ಟಲೆ ಟ್ರೈಪಾಡ್ ಮೇಲೆ ಕೂರಿಸಿ, ದತ್ತಾಂಶ ತುಂಬಿಕೊಂಡು ದಾಂಡೇಲಿಗೆ ಮರಳುತ್ತೇನೆ. ಆಮೇಲೆ ಸುಮಾರು ಎರಡು ವಾರ ಕಾಯಬೇಕು. "ಅಳತಿ ಮುಗೀತಲ್ರೀ ಸಾಹೇಬ್ರ, ಇನ್ನ್ಯಾಕ್ ತಡಾ?" ಎಂದು ಜಮೀನಿನವರು ಕೇಳುತ್ತಾರೆ.

ಕಾಯುವುದು ಅಳೆದ ದಿನ ಉಪಗ್ರಹಗಳು ನಿಜವಾಗಿ ಎಲ್ಲಿದ್ದವು ಎಂದು ತಿಳಿಯಲಿಕ್ಕೆ. ರಿಸೀವರ್ ಅಳೆಯುವುದು ಉಪಗ್ರಹಕ್ಕಿರುವ ದೂರವನ್ನು. ಉಪಗ್ರಹದ ಜಾಗವೇ ತಪ್ಪಿದ್ದರೆ ನಮ್ಮ ಗಡಿಕಲ್ಲೂ ತಪ್ಪುತ್ತದೆ. ಜಿಪಿಎಸ್ ಉಪಗ್ರಹ ತಾನೇ ಬಿತ್ತರಿಸುವ ಕಕ್ಷೆ ಮುಂಚಿತವಾಗಿ ಮಾಡಿದ ಅಂದಾಜು, ಅದರಲ್ಲಿ ಸುಮಾರು ಒಂದು ಮೀಟರ್ ವ್ಯತ್ಯಾಸವಿರುತ್ತದೆ. ದಾರಿ ಹುಡುಕಲು ಅಷ್ಟು ಸಾಕು. ಕಾಡಂಚಿನ ಗದ್ದೆಯಲ್ಲಿ ಒಂದು ಮೀಟರ್ ಎಂದರೆ ಇಡೀ ಬದುವೇ ಕಾಡಿನ ಪಾಲಾದಂತೆ.

ಭೂಮಿ, ಚಂದ್ರ, ಸೂರ್ಯರ ಸೆಳೆತವನ್ನು ಚೆನ್ನಾಗಿಯೇ ಲೆಕ್ಕ ಹಾಕಬಹುದು. ಸತಾಯಿಸುವುದು ಬಿಸಿಲು. ಬೆಳಕು ಬಿದ್ದಲ್ಲೆಲ್ಲ ತಳ್ಳುತ್ತದೆ. ಉಪಗ್ರಹಕ್ಕೆ ಅದರಿಂದ ಸಿಗುವ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ಮೀಟರಿನ ಕೋಟಿಯಲ್ಲೊಂದು ಪಾಲಿನಷ್ಟು. ಇಷ್ಟನ್ನು ಕೈಬಿಟ್ಟರೂ ಒಂದು ದಿನದಲ್ಲಿ ನೂರಾರು ಮೀಟರ್ ಎಡವಟ್ಟು! ಸೌರಫಲಕ ಯಾವ ಕಡೆ ತಿರುಗಿದೆ, ಮೈಯ ಹೊದಿಕೆ ಎಷ್ಟು ಬೆಳಕು ಹೀರುತ್ತದೆ ಎಂಬುದರ ಮೇಲೆ ಈ ತಳ್ಳು ಬದಲಾಗುತ್ತಲೇ ಇರುತ್ತದೆ. ಭೂಮಿಯ ನೆರಳಿಗೆ ಹೋದೊಡನೆ ಅದು ನಿಂತೇಹೋಗುತ್ತದೆ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಭೂಸ್ಥಿರ ಉಪಗ್ರಹಗಳಿಗೆ ದಿನಕ್ಕೆ 70 ನಿಮಿಷದವರೆಗೂ ನೆರಳು. ಬರ್ನ್ ವಿಶ್ವವಿದ್ಯಾಲಯದವರು ಉಪಗ್ರಹ ನಡೆದ ದಾರಿಯಿಂದಲೇ ಈ ತಳ್ಳನ್ನು ಅಂದಾಜು ಮಾಡುವ ಮಾದರಿ ಕಟ್ಟಿದರು. ಜಿಪಿಎಸ್‌ನಂಥದ್ದೇ ಯುರೋಪಿನ ವ್ಯವಸ್ಥೆ ಗೆಲಿಲಿಯೋ ತನ್ನ ಉಪಗ್ರಹಗಳ ಅಳತೆ, ಮೇಲ್ಮೈ ಗುಣಗಳನ್ನೇ ಬಹಿರಂಗಪಡಿಸಿತು. ಲೆಕ್ಕಿಗರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ ಎಂದೇ ನನ್ನ ಭಾವನೆ.

ಭಾರತದ್ದೇ ಆದ ಇಂಥ ವ್ಯವಸ್ಥೆ, ನಮ್ಮ ನಾವಿಕ್‌ನ ಕಷ್ಟ ಬೇರೆ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ನೋಡಿದರೆ ಅದರ ಮೇಲೆ ಕಣ್ಣಿಡುವ ಭಾರತದ ಕೇಂದ್ರಗಳೆಲ್ಲ ಒಂದು ಕಿರಿದಾದ ಕೋನದೊಳಗೇ ಬರುತ್ತವೆ. ಭೂಸ್ಥಿರ ಉಪಗ್ರಹವಂತೂ ನಿಂತಲ್ಲೇ ನಿಂತಂತೆ. ಗಡಿಯಾರದ ತಪ್ಪು ಯಾವುದು, ಜಾಗದ ತಪ್ಪು ಯಾವುದು ಎಂದು ಬಿಡಿಸುವುದೇ ಕಷ್ಟ. ಗಡಿಯಾರದಲ್ಲಿ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರದಲ್ಲಿ 30 ಸೆಂಟಿಮೀಟರ್ ತಪ್ಪು. ಅದಕ್ಕೇ ಇಸ್ರೋ ಇಮ್ಮುಖ ಸಂಕೇತದಿಂದಲೂ ಲೇಸರ್‌ನಿಂದಲೂ ದೂರವನ್ನು ಪ್ರತ್ಯೇಕವಾಗಿ ಅಳೆಯುವ ವ್ಯವಸ್ಥೆ ಮಾಡಿಕೊಂಡಿತು. 2013ರಲ್ಲಿ ಆರಂಭವಾದ, ಬೆಂಗಳೂರು ಬಳಿಯ ಬ್ಯಾಲಾಳಿನ ಇಸ್ರೋ ಕೇಂದ್ರ ನಾವಿಕ್‌ನ ಕಕ್ಷೆ, ಸಮಯಗಳ ಹೊಣೆ ಹೊತ್ತಿದೆ.

ನಾನು ಕಾಯುವ ಜಿಪಿಎಸ್‌ನ ಅಂತಿಮ ಕಕ್ಷೆ ಸುಮಾರು ಎರಡೂವರೆ ಸೆಂಟಿಮೀಟರ್ ನಿಖರ. 1994ರಿಂದ ಅದನ್ನು ಪುಕ್ಕಟೆಯಾಗಿ ಕೊಡುತ್ತಿರುವುದು ಜಗತ್ತಿನ ನೂರಾರು ಕೇಂದ್ರಗಳ ಒಕ್ಕೂಟ. ಅದರ ಒಂದು ಆಂಟೆನಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.