‘ಟಕ್’ ಎನ್ನದ ಸ್ವಿಚ್ಚು

ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯೆಂದರೆ ಮಂಡ್ಯ ಜಿಲ್ಲೆಯವರಿಗೆ ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ. ನನಗೀಗ ನೆನಪಾಗುವುದು ಅಲ್ಲಿನ ಹಳೇ ಮನೆಯೊಂದರ ಪಡಸಾಲೆಯ ಸ್ವಿಚ್ಚು. ಮರದ ಬೋರ್ಡಿನ ಮೇಲಿನ ಆ ಕಪ್ಪು ಬೇಕಲೈಟ್ ಸ್ವಿಚ್ಚು ಲೈಟ್ ಹಾಕಿದಾಗಲೆಲ್ಲ ಚಿರ್‌ಚಿರ್ ಎನ್ನುತ್ತಿತ್ತು. “ಇನ್ನೊಂದ್ಸಲ ಅದುಮುದ್ರೆ ಸುಮ್ಕಾಯ್ತದೆ ಬುಡಪ್ಪ” ಎಂದರು ಮನೆಯ ಹಿರಿಯಾಕೆ. ಅದನ್ನು ನೋಡಲು ಬಂದಿದ್ದ ವೈರ್‌ಮ್ಯಾನ್ ಒಪ್ಪಲಿಲ್ಲ. “ಅವ್ವಾ, ಸ್ವಿಚ್ಚು ಟಕ್ ಅನ್ಬೇಕು. ಚಿರ್ ಅಂದ್ರೆ ಒಳಗೆ ಸುಡ್ತಾ ಅದೆ ಅಂತ.”

ಆ ‘ಟಕ್’ ನನ್ನನ್ನು ಇನ್ನೂ ಬಿಟ್ಟಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ರೂಪಿಸಿದ ಸ್ವಿಚ್ಚಿನ ಜೀವಾಳವೇ ಅದು. ಆಗಿನದು ಡಿ.ಸಿ. ಕರೆಂಟು. ಲೋಹದ ಎರಡು ತುದಿಗಳನ್ನು ಮೆಲ್ಲಗೆ ಬಿಡಿಸಿದರೆ ನಡುವಿನ ಗಾಳಿಯಲ್ಲೇ ಕಿಡಿ ನಿಂತು ಉರಿದು ತುದಿಗಳನ್ನು ತಿನ್ನುತ್ತಿತ್ತು. ಬೆರಳು ಎಷ್ಟೇ ನಿಧಾನವಾಗಿದ್ದರೂ ತುದಿಗಳು ಥಟ್ಟನೆ ದೂರ ಸರಿಯುವ ಉಪಾಯವನ್ನು ಹೋಮ್ಸ್ ಕಂಡುಕೊಂಡ. ಇಂದು ನಮ್ಮ ಮನೆಗೆ ಬರುವ 230 ವೋಲ್ಟ್ ಎ.ಸಿ. ಕರೆಂಟು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ಬೇಗ ಆರುತ್ತದೆ. ಆದರೆ ಸ್ಪ್ರಿಂಗ್ ಸೋತೋ ಸ್ಕ್ರೂ ಸಡಿಲವಾಗಿಯೋ ಕೂದಲೆಳೆಯಷ್ಟು ಸಂದು ಉಳಿದರೆ, ಆರಿದ ಕಿಡಿ ಮತ್ತೆ ಹತ್ತುತ್ತದೆ, ಮತ್ತೆ ಆರುತ್ತದೆ. ನಮಗೆ ಕೇಳುವುದು ಅದರ ಸದ್ದೇ. ತಾಮ್ರ ಕಪ್ಪಾದಷ್ಟೂ ಕಾವು ಏರುತ್ತದೆ, ಕಾವು ಏರಿದಷ್ಟೂ ಸ್ಪ್ರಿಂಗ್ ಇನ್ನಷ್ಟು ಸೋಲುತ್ತದೆ. ಒಂದೇ ಸಮ ‘ಗುಂಯ್’ ಎನ್ನುವುದು ಬೇರೆ: ಅದು ಪಕ್ಕದ ಫ್ಯಾನ್ ರೆಗ್ಯುಲೇಟರೋ ಟ್ಯೂಬ್‌ಲೈಟಿನ ಚೋಕೋ ಆಗಿರಬಹುದು.

ಇನ್ನು ಕರೆಂಟಿನ ಕಥೆ: ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಹಳ್ಳಿಯ ಪಡಸಾಲೆಗೆ ಅದು ಬರಲು ದಶಕಗಳೇ ಹಿಡಿದವು.

ಮಾಕವಳ್ಳಿಯಲ್ಲಿ ವೈರ್‌ಮ್ಯಾನ್ ಮೊದಲು ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಬೇರೆ ಯಾರೂ ಹಾಕಿಬಿಡಬಾರದಲ್ಲ. ಆದರೂ ಬೋರ್ಡಿಗೆ ಟೆಸ್ಟರ್ ಇಟ್ಟರೆ ಮಿನುಗಿತು! ಒಳಕೋಣೆಯ ಯುಪಿಎಸ್ ಲೈಟಿನ ಲೈನಿಗೆ ಕರೆಂಟು ಕೊಡುತ್ತಲೇ ಇತ್ತು. ಕರೆಂಟು ಹೋದ ಹೊತ್ತಿನಲ್ಲಿ ‘ಈಗ ಪರವಾಗಿಲ್ಲ’ ಎಂದು ಬೋರ್ಡಿಗೆ ಕೈ ಹಾಕುವವರು ಇದನ್ನು ಮರೆಯಲೇಬಾರದು. ಯುಪಿಎಸ್ಸನ್ನೂ ಬಂದ್ ಮಾಡಿ, ಟೆಸ್ಟರ್ ಕೆಟ್ಟಿಲ್ಲವೆಂದು ಕರೆಂಟಿರುವ ಕಡೆ ಇಟ್ಟು ಖಚಿತಪಡಿಸಿಕೊಂಡು, ಆಮೇಲೇ ಅವರು ಸ್ಕ್ರೂಡ್ರೈವರ್ ಹಿಡಿದದ್ದು.

ಸ್ವಿಚ್ಚು ಸರಿಯಾಗಿದ್ದು ಸ್ಕ್ರೂ ಮಾತ್ರ ಸಡಿಲವಾಗಿದ್ದರೆ ಬಿಗಿ ಮಾಡಿದರೆ ಸಾಕು. ಕಪ್ಪಾದ ಸ್ವಿಚ್ಚನ್ನು ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುವುದು, ಒಳಗೆ ಎಣ್ಣೆ ಬಿಡುವುದು ನನಗೆ ಸರಿಕಾಣುವುದಿಲ್ಲ. ಹಳೆಯ ಸ್ಪ್ರಿಂಗಿಗೆ ಅದರಿಂದ ಬಲ ಬರುವುದಿಲ್ಲ, ಎಣ್ಣೆ ಹೊತ್ತಿಕೊಳ್ಳಲೂಬಹುದು. ಅದನ್ನು ಬದಲಿಸುವುದೇ ಸರಿ: ಲೈಟಿಗೆ ಐಎಸ್ಐ ಗುರುತಿನ 6 ಆಂಪಿಯರ್ ಸ್ವಿಚ್ಚು, ಗೀಸರಿನಂಥ ಭಾರಕ್ಕೆ 16 ಆಂಪಿಯರಿನದು. ವೈರಿನ ಸುಟ್ಟ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಎಳೆಗಳನ್ನು ಹೊಸೆದು, ಒಂದೆಳೆಯೂ ಹೊರಗುಳಿಯದಂತೆ ಕೂರಿಸಬೇಕು. ಸಿಪ್ಪೆ ಸುಟ್ಟು ಉದುರುತ್ತಿದ್ದರೆ, ಗೋಡೆ ತೇವವಾಗಿದ್ದರೆ ಅದು ಮನೆಯವರ ಕೆಲಸವಲ್ಲ.

ಫ್ಯೂಸೂ ಮೇನೂ ಮತ್ತೆ ಹಾಕಿದಾಗ ಹೊಸ ಸ್ವಿಚ್ಚು ‘ಟಕ್’ ಎಂದಿತು. ವೈರ್‌ಮ್ಯಾನ್ ಅಷ್ಟಕ್ಕೇ ಬಿಡದೆ, ಸ್ವಿಚ್ಚು ಆಫ್ ಮಾಡಿ ಬಲ್ಬ್ ತೆಗೆದು ಹೋಲ್ಡರಿಗೆ ಟೆಸ್ಟರ್ ಇಟ್ಟರು. ಉರಿಯಿತು. ಯಾವ ಕಾಲದಲ್ಲೋ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್‌ಗೆ ಕೊಟ್ಟಿದ್ದರು. ಲೈಟ್ ಆರಿದ್ದಾಗಲೂ ಹೋಲ್ಡರಿನಲ್ಲಿ ಕರೆಂಟಿತ್ತು, ಮನೆಯವರು ಇಷ್ಟು ವರ್ಷ ಬಲ್ಬ್ ಬದಲಿಸುತ್ತಿದ್ದದ್ದು ಹಾಗೆಯೇ. ವೈರ್‌ಮ್ಯಾನ್ ಮತ್ತೆ ಮೇನ್ ಇಳಿಸಿ, ಯುಪಿಎಸ್ಸನ್ನೂ ಬಂದ್ ಮಾಡಿ, ಫೇಸನ್ನು ಸ್ವಿಚ್ಚಿಗೆ ತಂದು, ಪಡಸಾಲೆಯಿಂದ ಅಡುಗೆಮನೆಯ ಬೋರ್ಡ್ ನೋಡಲು ನಡೆದರು.