ಬಸುರಿಯ ಬೆನ್ನುನೋವಿಗೆ ಕೈಚಿಕಿತ್ಸೆ: ಎಷ್ಟು ನಂಬಬಹುದು?



ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು ನಮ್ಮ ಮನೆಗಳಲ್ಲಿ ಹೊಸತಲ್ಲ. ಆದರೆ ಮಗು ಇನ್ನೂ ಹೊಟ್ಟೆಯಲ್ಲಿರುವಾಗ ಬೆನ್ನು, ಸೊಂಟಕ್ಕೆ ಕೈಯಿಂದ ಚಿಕಿತ್ಸೆ ಎಂದರೆ ಹಿರಿಯರು ಹುಬ್ಬೇರಿಸುತ್ತಾರೆ. ಲೋಕಲ್ ರೈಲಿನಲ್ಲಿ ನಿಂತು ಕೆಲಸಕ್ಕೆ ಹೋಗುವ ಏಳು ತಿಂಗಳ ಬಸುರಿಗೆ ಯಾರೋ 'ಆಸ್ಟಿಯೋಪತಿ ಮಾಡಿಸಿಕೊಳ್ಳಿ' ಎನ್ನುತ್ತಾರೆ. ತವರು ದೂರ. ಯಾರ ಮಾತು ಕೇಳಬೇಕು?

ಮೊದಲು ನೋವು ಏಕೆ ಬರುತ್ತದೆ ನೋಡೋಣ. ಹೊಟ್ಟೆ ಮುಂದೆ ಬೆಳೆದಂತೆ ದೇಹದ ತೂಕವೂ ಮುಂದಕ್ಕೆ ವಾಲುತ್ತದೆ. ಅದನ್ನು ಸರಿದೂಗಿಸಲು ಬೆನ್ನು ಹಿಂದಕ್ಕೆ ಬಾಗುತ್ತದೆ. ಜೊತೆಗೆ ಹಾರ್ಮೋನುಗಳ ಪ್ರಭಾವದಿಂದ ಸೊಂಟದ ಕೀಲುಗಳನ್ನು ಹಿಡಿದಿಡುವ ಪಟ್ಟಿಗಳು ಸಡಿಲವಾಗುತ್ತವೆ. ಹೀಗಾಗಿ ಸ್ನಾಯುಗಳಿಗೆ ದುಪ್ಪಟ್ಟು ಕೆಲಸ.

ಆಸ್ಟಿಯೋಪತಿಯನ್ನು ಆರಂಭಿಸಿದವರು ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಇದರ ಮೊದಲ ಶಾಲೆ ತೆರೆದರು. ಬಿಗಿದ ಸ್ನಾಯುಗಳನ್ನು ಒತ್ತುವುದು, ಎಳೆಯುವುದು, ಕೀಲುಗಳನ್ನು ನಿಧಾನವಾಗಿ ಆಡಿಸುವುದು ಇದರ ಕ್ರಮ. ಅಮೆರಿಕದಲ್ಲಿ ಈ ಪದವಿ ಪಡೆದವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು. ಬೇರೆ ದೇಶಗಳಲ್ಲಿ ಹಾಗಲ್ಲ. ಆದ್ದರಿಂದ ಇಲ್ಲಿ ಫಲಕ ನೋಡಿ ನಂಬದೆ, ಅವರ ಮೂಲ ಪದವಿ ಯಾವುದು, ಗರ್ಭಿಣಿಯರನ್ನು ನೋಡಿದ ಅನುಭವವೆಷ್ಟು ಎಂದು ಕೇಳಿ.

ಪ್ರಯೋಜನ ಉಂಟೇ? 2015ರಲ್ಲಿ ಪ್ರಕಟವಾದ, 'ಪ್ರೊಮೋಟ್' ಎಂಬ ಹೆಸರಿನ ಅಮೆರಿಕದ ಅಧ್ಯಯನದಲ್ಲಿ ಕೊನೆಯ ಮೂರು ತಿಂಗಳಲ್ಲಿದ್ದ 400 ಗರ್ಭಿಣಿಯರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. ಎರಡನೆಯದಕ್ಕೆ ಅದರೊಂದಿಗೆ ಕೈಚಿಕಿತ್ಸೆ. ಮೂರನೆಯದಕ್ಕೆ ಅಲ್ಟ್ರಾಸೌಂಡ್ ಯಂತ್ರವನ್ನು ಹೆಸರಿಗೆ ಮಾತ್ರ ಆಡಿಸಿದರು. ಕೈಚಿಕಿತ್ಸೆ ಪಡೆದವರ ನೋವು, ಓಡಾಟದ ಕಷ್ಟ ಎಂದಿನ ಆರೈಕೆಯವರಿಗಿಂತ ಕಡಿಮೆಯಿತ್ತು. ಆದರೆ ಹೆಸರಿಗೆ ಯಂತ್ರ ಆಡಿಸಿಕೊಂಡವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ! ಅಂದರೆ ವಿಶ್ರಾಂತಿ, ಸ್ಪರ್ಶ, ನಮ್ಮ ನೋವನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಸಮಾಧಾನ ಇವುಗಳ ಪಾಲೂ ದೊಡ್ಡದಿರಬಹುದು. ನೆಮ್ಮದಿ ಸಿಕ್ಕರೆ ಸಂತೋಷ. ಆದರೆ 'ಸಿಸೇರಿಯನ್ ತಪ್ಪಿಸುತ್ತೇವೆ', 'ಮಗುವನ್ನು ತಿರುಗಿಸುತ್ತೇವೆ' ಎಂಬ ಭರವಸೆಗೆ ಮರುಳಾಗಬೇಡಿ. ಅಡ್ಡ ಅಥವಾ ಬುಡ ಕೆಳಗಾಗಿರುವ ಮಗುವನ್ನು ತಿರುಗಿಸಬೇಕೋ ಬೇಡವೋ ಎಂಬುದು ಪ್ರಸೂತಿ ತಜ್ಞರು ಆಸ್ಪತ್ರೆಯಲ್ಲಿ ನಿರ್ಧರಿಸುವ ವಿಷಯ.

ಹೋಗುವ ಮುಂಚೆ ನಿಮ್ಮ ವೈದ್ಯರ ಒಪ್ಪಿಗೆ ಪಡೆಯಿರಿ. ಐದು ತಿಂಗಳಾದ ಮೇಲೆ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಬರಬಹುದು. ಪಕ್ಕಕ್ಕೆ ಮಲಗಿಸಿ ಅಥವಾ ಕೂರಿಸಿ ಚಿಕಿತ್ಸೆ ಮಾಡಲು ಹೇಳಿ. ಝಟ್ಟನೆ ತಿರುಚಿ 'ಲಟಕ್' ಎನಿಸುವುದು, ಹೊಟ್ಟೆಯನ್ನು ಜೋರಾಗಿ ಒತ್ತುವುದು ಬೇಡ. ನೋವಾದರೆ ಸಂಕೋಚವಿಲ್ಲದೆ 'ಸಾಕು' ಎನ್ನಿ.

ಇನ್ನೊಂದು ಮುಖ್ಯ ಮಾತು. ಎಲ್ಲ ಬೆನ್ನುನೋವೂ ಸ್ನಾಯುಗಳದ್ದಲ್ಲ. ರಕ್ತಸ್ರಾವ, ನೀರು ಹೋಗುವುದು, ಜ್ವರ, ಉರಿಮೂತ್ರ, ಬಿಟ್ಟುಬಿಟ್ಟು ಬರುವ ನೋವು, ಒಂದೇ ಕಾಲಿನ ಬಾವು, ತೀವ್ರ ತಲೆನೋವಿನೊಂದಿಗೆ ಕಣ್ಣು ಮಂಜಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಕಾಲು ಜೋಮು ಹಿಡಿದು ಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಒಂದು ಕಂಡರೂ ಕೈಚಿಕಿತ್ಸೆಗಲ್ಲ, ನೇರವಾಗಿ ಆಸ್ಪತ್ರೆಗೆ ಹೋಗಿ.

ಉಳಿದಂತೆ ಎತ್ತರದ ಹಿಮ್ಮಡಿಯ ಚಪ್ಪಲಿ ಬಿಡಿ, ಮಲಗುವಾಗ ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳಿ, ವೈದ್ಯರು ಒಪ್ಪಿದರೆ ದಿನವೂ ಸ್ವಲ್ಪ ನಡೆಯಿರಿ. ಮನೆಯವರಿಗೂ ಒಂದು ಮಾತು: ತುಂಬಿದ ಬಿಂದಿಗೆ, ತರಕಾರಿ ಚೀಲ ನೀವೇ ಎತ್ತಿ. ಖರ್ಚಿಲ್ಲದ ಆರೈಕೆ ಅದು.