ವೈದ್ಯರ ನಿರಂತರ ಕಲಿಕೆ ಮತ್ತು ಹಾವಿನ ಕಡಿತ

ಪದವಿ ಪಡೆದು, ನೋಂದಣಿ ಮಾಡಿಸಿ, ಬಾಗಿಲಿಗೆ ನಾಮಫಲಕ ತೂಗುಹಾಕಿದಲ್ಲಿಗೆ ವೈದ್ಯನ ವಿದ್ಯಾಭ್ಯಾಸ ಮುಗಿಯಿತೆಂದು ಲೋಕ ತಿಳಿದಿರುವುದುಂಟು. ನಮ್ಮ ಆಚಾರ್ಯರು ಹಾಗೆ ತಿಳಿದಿರಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನವು ಜ್ಞಾನಕ್ಕೆ ಮೂರು ಉಪಾಯಗಳನ್ನು ಹೇಳುತ್ತದೆ: ಅಧ್ಯಯನ, ಅಧ್ಯಾಪನ ಮತ್ತು ತದ್ವಿದ್ಯಸಂಭಾಷೆ. ಮೂರನೆಯದೆಂದರೆ ಅದೇ ವಿದ್ಯೆಯಲ್ಲಿ ನುರಿತವರೊಡನೆ ನಡೆಸುವ ಚರ್ಚೆ. ಗೆಲ್ಲಬೇಕೆಂಬ ಹಟದಿಂದ ನಡೆಯುವುದು ವಿಗೃಹ್ಯ ಸಂಭಾಷೆ. ಅರಿಯಬೇಕೆಂಬ ಸ್ನೇಹದಿಂದ ನಡೆಯುವುದು ಸಂಧಾಯ ಸಂಭಾಷೆ. ಅನುಭವ ಮಂಟಪದ ಗೋಷ್ಠಿಗಳನ್ನು ಸ್ಮರಿಸುವ ಸದ್ಭಕ್ತರಿಗೆ ಈ ಎರಡನೆಯ ಬಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯ ಸಂಗಣ್ಣನೂ ಶರಣರಲ್ಲೊಬ್ಬನಲ್ಲವೆ?

ಇಂದು ಈ ಕಲಿಕೆ ನಿಯಮದ ರೂಪವನ್ನೂ ತಾಳಿದೆ. ಅಲೋಪಥಿ ವೈದ್ಯರು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಕಾಲ ಮುಂದುವರಿದ ಶಿಕ್ಷಣದಲ್ಲಿ ಪಾಲ್ಗೊಳ್ಳಬೇಕೆಂದು 2002ರ ವೃತ್ತಿನೀತಿ ನಿಯಮಾವಳಿ ವಿಧಿಸಿತು. ಆಯುರ್ವೇದದವರಿಗೂ ಕೇಂದ್ರ ಆಯುಷ್ ಮಂತ್ರಾಲಯದ ನೆರವಿನಿಂದ ತರಬೇತಿ ಶಿಬಿರಗಳು ನಡೆಯುತ್ತವೆ. ವರ್ಷಕ್ಕೆ ಆರು ಗಂಟೆಯೆಂದರೆ ಅತ್ಯಲ್ಪವೆಂದೇ ನಮ್ಮ ಅಭಿಪ್ರಾಯ. ಅದೂ ಕೆಲವೆಡೆ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ರುಜು, ಮಧ್ಯಾಹ್ನ ಭೋಜನ, ಸಂಜೆ ಪ್ರಮಾಣಪತ್ರ ಎಂಬಷ್ಟಕ್ಕೇ ಮುಗಿಯುವುದನ್ನು ನಾವು ಕಂಡಿದ್ದೇವೆ. ಕಲಿಕೆಯ ಬೆಲೆ ಏನೆಂಬುದು ಅಲ್ಲಿ ತಿಳಿಯದು. ನಡುರಾತ್ರಿಯಲ್ಲಿ ಹಾವು ಕಡಿದವರನ್ನು ಹೊತ್ತು ತಂದಾಗ ತಿಳಿಯುತ್ತದೆ.

2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಮೃತರಾದರೆಂದು ಅಂದಾಜಿಸಲಾಗಿದೆ. ಇವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆರೋಗ್ಯ ಇಲಾಖೆಗೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅದೇ ವರ್ಷ ಕೇಂದ್ರ ಸರ್ಕಾರವು ಈ ಸಾವುಗಳನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಪ್ರಕಟಿಸಿತು.

ನಮ್ಮ ಶಾಸ್ತ್ರದ ಬಗ್ಗೆ ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕಡಿತದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟುವ ಅರಿಷ್ಟಬಂಧನ, ಗಾಯವನ್ನು ಕೊಯ್ಯುವುದು, ವಿಷವನ್ನು ಹೀರುವುದು ಇವೆಲ್ಲವೂ ಚರಕ ಸುಶ್ರುತರಲ್ಲಿ ಇವೆ. ಅವರ ಕಾಲದಲ್ಲಿ ಪ್ರತಿವಿಷವಿರಲಿಲ್ಲ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮೊದಲಾದವರ ಪ್ರಯತ್ನದಿಂದ ಅದು ಬಂದಿತು. ಇಂದು ದೊರೆಯುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೂ ನಡೆಯುತ್ತದೆ. ಮಂಡಲದ ಹಾವಿನ ವಿಷ ಕಡಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಅಲ್ಲಿ ಬಿಗಿದು ಕಟ್ಟಿದರೆ ರಕ್ತಸಂಚಾರ ನಿಂತು ಅಂಗವೇ ಹೋಗಬಹುದು; ತಟ್ಟನೆ ಬಿಚ್ಚಿದರೆ ತಡೆದು ನಿಂತಿದ್ದ ವಿಷವೆಲ್ಲ ಒಮ್ಮೆಗೇ ಮೈಗೇರಬಹುದು. ಆದುದರಿಂದ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು ಎಂದೇ ಇಂದು ನಾವು ಹೇಳಬೇಕಾಗಿದೆ. ಇದು ಸಂಹಿತೆಗೆ ಎಸಗಿದ ಅಪಚಾರವೆಂದು ಕೆಲವು ಹಿರಿಯ ಬಂಧುಗಳು ನೊಂದುಕೊಳ್ಳುವುದುಂಟು. ಆಯುರ್ವೇದಕ್ಕೆ ಕೊನೆಯೆಂಬುದಿಲ್ಲ, ಹಿತವಾದುದನ್ನು ಶತ್ರುವಿನಿಂದಲೂ ಸ್ವೀಕರಿಸಬೇಕು ಎಂಬ ಆಶಯವೂ ಅದೇ ವಿಮಾನಸ್ಥಾನದಲ್ಲಿದೆಯೆಂಬುದನ್ನು ಅವರು ಗಮನಿಸಬೇಕು.

ಇನ್ನು ವೈದ್ಯರು ಕಲಿಯಬೇಕಾದುದೇನು? ಕಟ್ಟುಹಾವು ಬಹುತೇಕ ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವಿಲ್ಲ, ಬಾವಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನ ರೆಪ್ಪೆಗಳು ಜೋತುಬೀಳುತ್ತವೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟ ಸೋಲುತ್ತದೆ. ಇದನ್ನು ತಿಳಿಯದ ವೈದ್ಯನು ಹೊಟ್ಟೆಯುಬ್ಬರವೆಂದು ಮಾತ್ರೆ ಕೊಟ್ಟು ಕಳುಹಿಸಿಬಿಟ್ಟಾನು. ಪ್ರತಿವಿಷದ ಪ್ರಮಾಣವೂ ಹಾಗೆಯೇ. ಬೇರೆ ಔಷಧಗಳಂತೆ ಮಗುವಿಗೆ ಕಡಿಮೆ ಕೊಡಬೇಕೆಂದು ತೋರುವುದು ಸಹಜ. ಆದರೆ ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲವಾದುದರಿಂದ ಇಬ್ಬರಿಗೂ ಒಂದೇ ಪ್ರಮಾಣ.

ಪ್ರತಿವಿಷದಿಂದ ಕೆಲವರಿಗೆ ತೀವ್ರ ಒಗ್ಗದಿಕೆಯಾಗುವುದುಂಟು. ಈ ಭಯದಿಂದಲೇ ಔಷಧ ಕೈಯಲ್ಲಿದ್ದರೂ ರೋಗಿಯನ್ನು ದೂರದ ಜಿಲ್ಲಾ ಆಸ್ಪತ್ರೆಗೆ ಸಾಗಹಾಕುವ ರೂಢಿ ಇದೆ. ಅಡ್ರಿನಲಿನ್ ಚುಚ್ಚುಮದ್ದನ್ನು ಸಿದ್ಧವಾಗಿಟ್ಟುಕೊಂಡು ಅದನ್ನು ಎದುರಿಸುವ ಕ್ರಮವನ್ನು ಅಭ್ಯಾಸ ಮಾಡಿದವರಿಗೆ ಈ ಭಯವಿರುವುದಿಲ್ಲ. ಭಾಷಣ ಕೇಳಿದರೆ ಇದು ಬರುವುದಿಲ್ಲ, ಕೈ ಪಳಗಬೇಕು. ಶಾಸ್ತ್ರವನ್ನೆಲ್ಲ ಓದಿದ ಶಿಷ್ಯನಿಗೂ ಸುಶ್ರುತನು ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನೂ, ತಾವರೆಯ ದಂಟಿನ ಮೇಲೆ ಸಿರೆ ಚುಚ್ಚುವುದನ್ನೂ ಅಭ್ಯಾಸ ಮಾಡಿಸಬೇಕೆಂದು ವಿಧಿಸಿದ್ದಾನೆ. ಇಂದು ಗೊಂಬೆಗಳ ಮೇಲೆ ಕೃತಕ ಉಸಿರಾಟ ಕಲಿಸುವ ಕ್ರಮಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ವೈದ್ಯನೊಬ್ಬನೇ ಕಲಿತರೂ ಸಾಲದು. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಉಪಸ್ಥಾತೃವನ್ನೂ, ಅಂದರೆ ಶುಶ್ರೂಷೆ ಮಾಡುವವರನ್ನೂ ಚರಕನು ಎಣಿಸಿದ್ದಾನೆ; ಉಪಚಾರದ ಅರಿವನ್ನು ಅವರ ಮೊದಲ ಗುಣವೆಂದಿದ್ದಾನೆ. ರಕ್ತಕ್ಕೆ ವಿಷವೇರಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಹೊಸ ಗಾಜಿನ ನಳಿಕೆಯಲ್ಲಿಟ್ಟು 20 ನಿಮಿಷ ಅಲುಗಿಸದೆ ಬಿಟ್ಟು, ಆಮೇಲೆ ಓರೆಮಾಡಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ವಿಷವೇರಿದೆ ಎಂದರ್ಥ. ನಳಿಕೆ ಪ್ಲಾಸ್ಟಿಕ್ಕಿನದಾಗಿದ್ದರೆ, ಅಥವಾ ಸಾಬೂನಿನ ಪುಡಿಯಿಂದ ತೊಳೆದದ್ದಾಗಿದ್ದರೆ, ಫಲಿತಾಂಶವೇ ತಪ್ಪುತ್ತದೆ. ಆ ನಳಿಕೆಯನ್ನು ತೆಗೆದಿಡುವವರು ಶುಶ್ರೂಷಕಿಯೋ ಪ್ರಯೋಗಶಾಲೆಯ ಸಹಾಯಕನೋ ಆಗಿರುತ್ತಾರೆ, ವೈದ್ಯನಲ್ಲ. ಹಳ್ಳಿಯಲ್ಲಿ ಮೊದಲು ಸುದ್ದಿ ಮುಟ್ಟುವುದು ಆಶಾ ಕಾರ್ಯಕರ್ತೆಗೆ. ದಾರಿಯಲ್ಲಿ ರೋಗಿಯ ಉಸಿರು ನೋಡಿಕೊಳ್ಳುವವರು 108ರ ಸಿಬ್ಬಂದಿ. ಇವರೆಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಕಲಿಸುವ ಶಿಬಿರಗಳು ನಮಗೆ ಹೆಚ್ಚು ಬೇಕು.

ರೋಗಿಯೂ ನಾಲ್ಕು ಪಾದಗಳಲ್ಲೊಂದು. ಹಾವು ಕಡಿದರೆ ಉಂಗುರ, ಬಳೆ, ಕಾಲುಂಗುರಗಳನ್ನು ಕೂಡಲೇ ತೆಗೆಯಿರಿ. ಕಡಿದ ಅಂಗವನ್ನು ಮುರಿದ ಕೈಕಾಲಿನಂತೆ ಅಲುಗಿಸದೆ ಇಡಿರಿ. 108ಕ್ಕೆ ಕರೆ ಮಾಡಿರಿ. ಹಾವನ್ನು ಹುಡುಕಿ ಹೊಡೆಯುವುದರಲ್ಲಿ ಹೊತ್ತು ಕಳೆಯಬೇಡಿರಿ. ಜಾತ್ರೆಗೆ ಬಂದು ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಳ್ಳಿರಿ. ಗ್ರಾಮಸಭೆಯಲ್ಲಿ ಆರೋಗ್ಯ ಕೇಂದ್ರದ ವಿಚಾರ ಬಂದಾಗ ಪ್ರತಿವಿಷದ ದಾಸ್ತಾನು ಎಷ್ಟಿದೆಯೆಂದು ಕೇಳುವುದರ ಜೊತೆಗೆ, ಅದನ್ನು ಕೊಡುವ ತರಬೇತಿ ಕೊನೆಯ ಬಾರಿ ನಡೆದದ್ದು ಯಾವಾಗ, ಅದರಲ್ಲಿ ಶುಶ್ರೂಷಕಿಯರೂ ಇದ್ದರೆ ಎಂದೂ ಕೇಳಿರಿ.